ಹೂವಿಗಿಂತ ಮೊದಲು ನಾರು

ಸಾಬಿರಾ ಒಳಗೆ ಬಂದವಳೇ ಕೂತ ಹೆಂಗಸರನ್ನು ದಾಟಿಕೊಂಡು ಗೋಡೆಯ ತನಕ ಹೋಗಿ ಫ್ಯಾನನ್ನು ಆರಿಸಿಬಿಟ್ಟಳು.

"ಯಾರಮ್ಮಾ ಅದು ಫ್ಯಾನ್ ಆರ್ಸಿದ್ದು?" ಬೈರಮ್ಮ ಕೂತಲ್ಲಿಂದಲೇ ಗದರಿದಳು. "ಈ ಸೆಕೇಲಿ ಹೆಣ ಸಂಜೆ ತನ್ಕ ಇರ್ಬೇಕೋ ಬೇಡ್ವೋ? ಹಾಕಮ್ಮ ಮೊದ್ಲು!"

"ಗಾಳಿಗೆ ಕಣ್ಣು ಒಣಗುತ್ತೆ ಅಕ್ಕಾ," ಎಂದಳು ಸಾಬಿರಾ.

ಅಳುತ್ತಿದ್ದವರು ಅಳು ನಿಲ್ಲಿಸಿ ನೋಡಿದರು. ಸತ್ತವಳ ಕಣ್ಣು ಒಣಗಿದರೇನು, ಒದ್ದೆಯಿದ್ದರೇನು? ಸಾಬಿರಾ ಯಾರ ಮುಖವನ್ನೂ ನೋಡಲಿಲ್ಲ. ಚಾಪೆಯ ಮೇಲೆ ಮಲಗಿಸಿದ್ದ ಶಾಂತಕುಮಾರಿಯ ತಲೆಯನ್ನು ಮೆಲ್ಲಗೆ ಎತ್ತಿ ಕೆಳಗೊಂದು ದಿಂಬು ಸೇರಿಸಿದಳು. ಬುರ್ಖಾದ ಒಳಗಿಂದ ಹತ್ತಿಯ ಉಂಡೆ ತೆಗೆದು, ಲೋಟದ ನೀರಿನಲ್ಲಿ ಅದ್ದಿ ಹಿಂಡಿ, ಮುಚ್ಚಿದ ಎರಡೂ ರೆಪ್ಪೆಗಳ ಮೇಲೆ ಇಟ್ಟಳು.

"ಇದು ನಿಮ್ಮ ಸಾಬ್ರ ಪದ್ಧತೀನಾ?" ಬೈರಮ್ಮ ಕೇಳಿದಳು. ಅವಳು ಸತ್ತವಳ ಗಂಡ ಅಂಜನಮೂರ್ತಿಯ ಅಕ್ಕ. ಸಾವಾಗಲಿ ಮದುವೆಯಾಗಲಿ, ಅವಳ ಬಾಯಿಯಿಲ್ಲದೆ ಆ ಮನೆಯಲ್ಲಿ ಒಂದು ಚೊಂಬೂ ಅಲ್ಲಾಡುವುದಿಲ್ಲ.

"ಇಲ್ಲ ಅಕ್ಕಾ. ಡಾಕ್ಟ್ರಮ್ಮ ಹೇಳಿರೋದು."

"ಜೀವ ಹೋದ್ಮೇಲೆ ಎಂಥಾ ಡಾಕ್ಟ್ರಮ್ಮನೇ?"

ಅದಕ್ಕೆ ಉತ್ತರ ಕೊಡಬೇಕೆಂದರೆ ಸಾಬಿರಾ ಎಲ್ಲವನ್ನೂ ಹೇಳಬೇಕಿತ್ತು. ಹೇಳುವುದಿಲ್ಲವೆಂದು ಇದೇ ಶಾಂತಕುಮಾರಿಗೆ ಮಾತು ಕೊಟ್ಟಿದ್ದಳು.

ಹಲಸೂರಿನ ಸೋಮೇಶ್ವರ ದೇವಸ್ಥಾನದ ಹಿಂದಿನ ಗಲ್ಲಿಯಲ್ಲಿ ಆ ದಿನ ಅಂಥ ದೊಡ್ಡ ಸಾವೇನೂ ಆಗಿರಲಿಲ್ಲ. ಶಿವಾಜಿನಗರದಲ್ಲಿ ಹೂ ಕಟ್ಟಿ ಮಾರುವ ಒಬ್ಬ ಹೆಂಗಸು, ಇನ್ನೂ ಐವತ್ತೂ ತುಂಬದವಳು, ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿಬಿಟ್ಟಿದ್ದಳು, ಅಷ್ಟೆ. ಅಂಜನಮೂರ್ತಿ ವಿಮಾನಪುರದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವನು. ನಸುಕಿಗೇ ಏಳುವವನು. ಎದ್ದಾಗ ಕಾಫಿಯ ವಾಸನೆ ಬರಲಿಲ್ಲ. 'ಏನೇ, ಇನ್ನೂ ಎದ್ದಿಲ್ವಾ' ಎಂದು ಮೈ ಮುಟ್ಟಿದರೆ ತಣ್ಣಗಿತ್ತು. ಮೂಲೆಯ ಕ್ಲಿನಿಕ್ಕಿನವರು ಬಂದು, ಸಕ್ಕರೆ ಕಾಯಿಲೆಯವರಿಗೆ ಹೃದಯ ಸದ್ದಿಲ್ಲದೆ ನಿಂತುಬಿಡುತ್ತದೆ ಎಂದು ಹೇಳಿ ಹೋದರು.

ಸಾಬಿರಾ ಮರ್ಫಿ ಟೌನಿನವಳು. ದಿನಾ ಬಸ್‌ಸ್ಟಾಪಿನಲ್ಲಿ ಇಬ್ಬರೂ ಸೇರಿ, ತೋಳಿಗೆ ತೋಳು ಸೇರಿಸಿಕೊಂಡು ಬಸ್ಸು ಹತ್ತುತ್ತಿದ್ದರು. ಇವತ್ತು ಶಾಂತಕುಮಾರಿ ಬರಲಿಲ್ಲ, ಸುದ್ದಿ ಬಂತು. ಕೇಳಿದ ಕೂಡಲೇ ಸಾಬಿರಾ ಅಳಲಿಲ್ಲ. ನೇರ ಕಾಯಿನ್ ಬೂತಿಗೆ ಹೋಗಿ ಕಣ್ಣಾಸ್ಪತ್ರೆಯ ಡಾಕ್ಟ್ರಮ್ಮನಿಗೆ ಫೋನು ಮಾಡಿದಳು. ಅಳುವುದಕ್ಕೆ ಜನ್ಮವೆಲ್ಲ ಇದೆ, ಕಣ್ಣು ಕಾಯುವುದಿಲ್ಲ. "ನಾವು ತಯಾರದೇವ್ರಿ," ಎಂದಿದ್ದರು ಡಾಕ್ಟ್ರಮ್ಮ. "ಆದ್ರ ಮನೆಯವ್ರು ಹೂಂ ಅನ್ನಬೇಕು. ಅವ್ರು ಒಲ್ಲೆ ಅಂದ್ರ ನಾ ಹೊಸ್ತಿಲ ದಾಟಾಂಗಿಲ್ಲ. ಮಧ್ಯಾಹ್ನದೊಳಗ ಹೇಳ್ರಿ. ಆಮ್ಯಾಲೆ ಬಂದೂ ಉಪಯೋಗಿಲ್ಲ."

ಎರಡು ಮಾತು ಕೊಟ್ಟಿದ್ದಳು ಸಾಬಿರಾ. ಒಂದು, ಶಾಂತಕುಮಾರಿಯ ಕಣ್ಣಿನ ಗುಟ್ಟು ಯಾರಿಗೂ ಹೇಳುವುದಿಲ್ಲ. ಎರಡು, ಸತ್ತ ಮೇಲೆ ಆ ಕಣ್ಣುಗಳನ್ನು ಡಾಕ್ಟ್ರಮ್ಮನ ಕೈಗೆ ಮುಟ್ಟಿಸುತ್ತೇನೆ. ಕೊಡುವಾಗ ಎರಡೂ ಸಲೀಸಾಗಿತ್ತು. ಈಗ ಅತ್ತ ದರಿ, ಇತ್ತ ಪುಲಿ.

*

ರಸೆಲ್ ಮಾರ್ಕೆಟ್ಟಿನ ಪಕ್ಕದ ಕಲ್ಲುಕಟ್ಟೆಯ ಮೇಲೆ ಅವರಿಬ್ಬರೂ ಹದಿನೈದು ವರ್ಷದಿಂದ ಒತ್ತಿಕೊಂಡು ಕೂತವರು. ಸಾಬಿರಾ ಮದುಮಗನ ಮುಖದ ಮುಂದೆ ಇಳಿಬಿಡುವ ಸೆಹ್ರಾ, ದರ್ಗಾದ ಹೂವಿನ ಚಾದರ ಕಟ್ಟುವವಳು. ಶಾಂತಕುಮಾರಿಯದು ಹಾರ: ದೇವರಿಗೆ, ಮದುವೆಗೆ, ಹೆಣಕ್ಕೆ. ಕರ್ಫ್ಯೂ ಹಾಕಿದ ಆ ವರ್ಷ ಸಾಬಿರಾಳ ಬುಟ್ಟಿಯನ್ನು ಶಾಂತಕುಮಾರಿ ತನ್ನ ಮನೆಗೆ ಹೊತ್ತೊಯ್ದು ಇಟ್ಟುಕೊಂಡಿದ್ದಳು. ಗಲಾಟೆ ತಣ್ಣಗಾದ ಮೇಲೆ ಹಿಂದಕ್ಕೆ ತಂದುಕೊಟ್ಟು, "ತಗೊಳ್ಳೇ, ನಿನ್ನ ಬುಟ್ಟಿ ನನ್ನ ಗಂಡಂಗಿಂತ ಜಾಸ್ತಿ ಜಾಗ ಹಿಡೀತು," ಎಂದಿದ್ದಳು.

ಮೊದಲು ಗೊತ್ತಾಗಿದ್ದು ಸೇವಂತಿಗೆಯಿಂದ. ಮಲ್ಲಿಗೆ, ಕಾಕಡ, ಕನಕಾಂಬರ, ಸುಗಂಧರಾಜ, ಇವೆಲ್ಲ ಕೈ ತಾಕಿದರೆ ತಮ್ಮ ಹೆಸರು ತಾವೇ ಹೇಳುತ್ತವೆ. ಸೇವಂತಿಗೆಯೊಂದೇ ಮೋಸಗಾತಿ. ಬಿಳಿಗೂ ಹಳದಿಗೂ ಅದೇ ಮೈ, ಅದೇ ಘಮ. ಒಂದು ದಿನ ಬೆಳಗಿನ ಬಿಸಿಲಿನಲ್ಲಿ ಶಾಂತಕುಮಾರಿ ಹಳದಿ ಸೇವಂತಿಗೆಯನ್ನು ಕೈಯಲ್ಲಿ ಹಿಡಿದು, "ಇವತ್ತು ಬಿಳಿ ಚೆನ್ನಾಗಿ ಬಂದದೆ ಕಣೇ," ಎಂದಳು.

ಸಾಬಿರಾ ನಗಲು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಅಂಗೈಯನ್ನು ಅವಳ ಮುಖದ ಮುಂದೆ ಆಡಿಸಿದಳು. ಶಾಂತಕುಮಾರಿ ರೆಪ್ಪೆ ಮಿಟುಕಿಸಲಿಲ್ಲ.

"ಯಾವಾಗಿಂದನೇ?"

ಶಾಂತಕುಮಾರಿ ನಾರನ್ನು ಸೀಳುತ್ತಲೇ ಇದ್ದಳು. "ಎಡಗಣ್ಣು ದಸ್ರಾ ಮುಂಚೇನೇ ಹೋಯ್ತು. ಬಲಗಣ್ಣಲ್ಲಿ ನೆರಳು ಆಡ್ದಂಗೆ ಆಗುತ್ತೆ, ಅಷ್ಟೆ. ಒಳಗೆ ಮಸಿ ಚೆಲ್ದಂಗೆ."

"ಯಾ ಅಲ್ಲಾ! ಅಣ್ಣಂಗೆ ಹೇಳಿಲ್ವಾ? ಭಾಗ್ಯಂಗೆ?"

"ಹೇಳಲ್ಲ. ನೀನೂ ಹೇಳ್ಬಾರ್ದು." ಅವಳ ಧ್ವನಿ ಗಟ್ಟಿಯಾಯಿತು. "ನಮ್ಮವ್ವಂಗೂ ಇದೇ ಸಕ್ರೆ. ಕಣ್ಣು ಹೋದ ದಿನಾನೇ ಮನೆಯವ್ರು ಅವಳನ್ನ ಒಂದು ಮೂಲೇಲಿ ಕೂರಿಸ್ಬಿಟ್ರು. ಪ್ರೀತಿಯಿಂದಾನೇ ಕಣೇ, ಬೈದು ಅಲ್ಲ. ಏಳ್ಬೇಡವ್ವ, ಬೀಳ್ತೀಯ. ಒಲೆ ಹತ್ರ ಹೋಗ್ಬೇಡವ್ವ, ಸುಟ್ಕೋತೀಯ. ಹೂ ಮುಟ್ಬೇಡವ್ವ, ಕೆಡಿಸ್ತೀಯ. ಆರು ವರ್ಷ ಕೂತಿದ್ಲು. ಸತ್ಮೇಲೆ ನೋಡಿದ್ರೆ ಗೋಡೆ ಮೇಲೆ ಅವ್ಳ ತಲೆ ಎಣ್ಣೆ ಗುರ್ತು ಇತ್ತು. ನಾನು ಮೂಲೇಲಿ ಕೂರಲ್ಲ ಸಾಬಿ. ಬುಟ್ಟಿ ಮುಟ್ಟಿ ಹೇಳು."

ಹೂವಿನವರಿಗೆ ಬುಟ್ಟಿಯೇ ಲಕ್ಷ್ಮಿ. ಬುಟ್ಟಿ ಮುಟ್ಟಿ ಹೇಳಿದ ಮಾತನ್ನು ಆ ಕಟ್ಟೆಯ ಮೇಲೆ ಯಾವ ಜಾತಿಯವರೂ ಮುರಿಯುವುದಿಲ್ಲ. ಸಾಬಿರಾ ಬುಟ್ಟಿ ಮುಟ್ಟಿದಳು.

ಅವತ್ತಿನಿಂದ ಶಾಂತಕುಮಾರಿಯ ಮಡಿಲ ಎಡಕ್ಕೆ ಬಿಳಿ, ಬಲಕ್ಕೆ ಹಳದಿ. ಆಯ್ದು ಸುರಿಯುವುದು ಸಾಬಿರಾಳ ಕೆಲಸ. ಗಿರಾಕಿ ಬಂದರೆ "ಅಕ್ಕಾ, ಕೆಂಪು ಸೀರೆ ಅಮ್ಮ ಬಂದ್ರು ನೋಡಿ," ಎಂದು ಇವಳೇ ಮೊದಲು ಬಾಯಿ ಹಾಕುತ್ತಿದ್ದಳು. ಮನೆಗೆ ಒಯ್ಯುವ ಹೂವನ್ನು ಬೇರೆ ಬೇರೆ ಕವರಿನಲ್ಲಿ ಹಾಕಿ, ಬಿಳಿ ಹೂವಿನ ಕವರಿಗೆ ಗಂಟು ಬಿಗಿಯುತ್ತಿದ್ದಳು, ಹಳದಿಯದನ್ನು ಹಾಗೇ ಬಿಡುತ್ತಿದ್ದಳು. ರಂಜಾನಿಗೋ ಬಕ್ರೀದಿಗೋ ಸಾಬಿರಾ ರಜ ಹಾಕಿದರೆ ಶಾಂತಕುಮಾರಿಗೂ ಅವತ್ತೇ ಮೈ ಸರಿಯಿರುತ್ತಿರಲಿಲ್ಲ. "ಸಾಬ್ರ ಹಬ್ಬಕ್ಕೆ ನಿಂಗ್ಯಾಕಮ್ಮಾ ರಜ? ಬಿರಿಯಾನಿ ಗಿರಿಯಾನಿ ಕಳಿಸ್ತಾಳಾ?" ಎಂದು ಬೈರಮ್ಮ ಕಿಚಾಯಿಸುತ್ತಿದ್ದಳು.

*

ಹೊರಗೆ ಶಾಮಿಯಾನ ಎದ್ದಿತ್ತು. ಸಾವಿನ ಮನೆಗಳ ಏರ್ಪಾಟೆಲ್ಲ ನೋಡಿಕೊಳ್ಳುವ ಮುನಿರಾಜಪ್ಪ ಕಲ್ಪಳ್ಳಿ ಸ್ಮಶಾನದಲ್ಲಿ ಗುಂಡಿ ತೆಗೆಯಲು ಆಳು ಕಳಿಸಿ, ತಮಟೆಯವರಿಗೆ ಹೇಳಿ, ಬಿಸಿಲಿನಲ್ಲಿ ಬೆವರುತ್ತ ನಿಂತಿದ್ದ. ಅಂಜನಮೂರ್ತಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೈಯನ್ನು ಮಂಡಿಯ ಮೇಲಿಟ್ಟು ಕೂತಿದ್ದ.

ಸಾಬಿರಾ ಅವನ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. "ಅಣ್ಣಾ, ಒಂದು ಮಾತು. ಅಕ್ಕ ಕಣ್ಣು ದಾನ ಮಾಡ್ಬೇಕು ಅಂತಿದ್ರು. ಆಸ್ಪತ್ರೆಯವ್ರು ಇಲ್ಲಿಗೇ ಬರ್ತಾರೆ. ಮುಖ ಏನೂ ಕೆಡಲ್ಲ. ನೀವು ಹೂಂ ಅಂದ್ರೆ ಸಾಕು."

"ಕಣ್ಣಾ?" ಅಂಜನಮೂರ್ತಿಗೆ ಮಾತು ತಡವಾಗಿ ಒಳಗಿಳಿಯಿತು. "ನಂಗೆ ಹೇಳ್ಲೇ ಇಲ್ವಲ್ಲಮ್ಮ. ಇಪ್ಪತ್ತೈದು ವರ್ಷದಲ್ಲಿ ಅವ್ಳು ನಂಗೆ ಹೇಳ್ದೆ ಒಂದು ಕೆಲ್ಸ ಮಾಡಿಲ್ಲ."

ಅಷ್ಟರಲ್ಲಿ ಬೈರಮ್ಮ ಬಾಗಿಲಿಗೆ ಬಂದಿದ್ದಳು. ಅವಳ ಕಿವಿಗೆ ಗೋಡೆ ಅಡ್ಡವಲ್ಲ. "ಓಹೋ, ಇದಕ್ಕಾ ಫ್ಯಾನ್ ಆರ್ಸಿದ್ದು! ಲೋ ಮೂರ್ತಿ, ಕಣ್ಣು ಕಿತ್ತು ಮಣ್ಣು ಮಾಡಿದ್ರೆ ಮುಂದಿನ ಜನ್ಮದಲ್ಲಿ ಕುರುಡಿಯಾಗಿ ಹುಟ್ತಾಳೆ ಕಣೋ. ಬೇಕಾ ಅವ್ಳಿಗೆ ಆ ಗತಿ?"

"ಸಕ್ರೆ ಕಾಯಿಲೆಯವ್ರ ಕಣ್ಣು ಯಾರು ತಗೋತಾರೆ ಬಿಡು," ಎಂದ ಮುನಿರಾಜಪ್ಪ.

"ಸಕ್ರೆ ಕಣ್ಣೇ ಬೇಕಂತೆ ಅಣ್ಣಾ, ಅವ್ರಿಗೆ."

"ಯಾಕೆ?"

ಅದೇ ಹೇಳಲಾಗದ ಮಾತು. ಕೆ.ಆರ್. ಪುರದ ಗಂಡನ ಮನೆಯಿಂದ ಓಡಿಬಂದಿದ್ದ ಮಗಳು ಭಾಗ್ಯಲಕ್ಷ್ಮಿ ಅತ್ತು ಊದಿದ ಮುಖದಲ್ಲಿ ಎದ್ದುಬಂದಳು.

"ಆಂಟಿ, ಅಮ್ಮನ ಕಣ್ಣಿಗೆ ಏನಾಗಿತ್ತು? ಚೆನ್ನಾಗೇ ಇತ್ತಲ್ಲ. ಕನ್ನಡಕ ಕೂಡ ಹಾಕ್ತಿರ್ಲಿಲ್ಲ."

"ಏನಿಲ್ಲಮ್ಮ," ಎಂದಳು ಸಾಬಿರಾ.

ಯಾರೋ ಒಳಗೆ ಮತ್ತೆ ಫ್ಯಾನು ಹಾಕಿದರು. ಅದರ ಕಿರ್‌ಗುಟ್ಟುವ ಸದ್ದು ಹೊರಗಿನ ತನಕ ಕೇಳಿಸಿತು. ಬಿಸಿಲು ಶಾಮಿಯಾನದ ಕಂಬದ ಬುಡಕ್ಕೆ ಸರಿದಿತ್ತು.

*

ಡಾಕ್ಟ್ರಮ್ಮನ ಹೆಸರು ಪ್ರತಿಭಾ. ಹುಬ್ಬಳ್ಳಿ ಕಡೆಯವರು. ಶಿವಾಜಿನಗರದ ಒಂದು ಶಾಲೆಯಲ್ಲಿ ಉಚಿತ ಕ್ಯಾಂಪು ನಡೆದಾಗ ಸಾಬಿರಾ ಗೆಳತಿಯನ್ನು ಬಲವಂತದಿಂದ ಎಳೆದುಕೊಂಡು ಹೋಗಿದ್ದಳು. ಅಲ್ಲಿಂದ ಆಸ್ಪತ್ರೆ. ಲೇಸರ್ ಬಿಟ್ಟರು. ತಡವಾಗಿತ್ತು. ಆಪರೇಷನ್ ಮಾಡಿ ನೋಡಬಹುದು, ಮನೆಯವರನ್ನು ಕರೆತನ್ನಿ ಎಂದರು. ಶಾಂತಕುಮಾರಿ ಮನೆಯವರನ್ನು ಕರೆತರಲಿಲ್ಲ. ಸಾಬಿರಾಳೊಬ್ಬಳ ಜೊತೆ ಹೋಗಿ, ಅವಳ ತೋಳು ಹಿಡಿದು ಕೂತು, "ಅದು ಹೆಂಗಮ್ಮ ಹೋಯ್ತು ನನ್ ಕಣ್ಣು? ನೋವಿಲ್ಲ, ಕೆಂಪಾಗ್ಲಿಲ್ಲ," ಎಂದು ಕೇಳಿದಳು.

"ನೋಡ್ರಿ ಅಕ್ಕಾರ, ಕಣ್ಣಿನ ಹಿಂದ ಒಂದು ಪರದೆ ಐತಿ, ಉಳ್ಳಾಗಡ್ಡಿ ಸಿಪ್ಪಿಗಿಂತ ತೆಳ್ಳಗ. ಅದರಾಗ ನೋಡೋ ಜೀವಕೋಶ ಬ್ಯಾರೆ, ಅವನ್ನ ಹಿಡಕೊಂಡು ನಿಂತಿರೋ ಜೀವಕೋಶ ಬ್ಯಾರೆ. ಹಿಂದಿನ ಮಂದಿ ಇವಕ್ಕ ಗ್ಲಿಯಾ ಅಂತ ಹೆಸರಿಟ್ರು. ಅಂದ್ರ ಅಂಟು, ಗೋಂದು. ಬರೇ ಅಂಟಿಸಿ ಇಡೋದಷ್ಟ ಇವುಗಳ ಕೆಲಸ ಅಂತ ತಿಳದಿದ್ರು. ಹಂಗಲ್ಲ. ಪರದೆಯ ಈ ಮಗ್ಗಲದಿಂದ ಆ ಮಗ್ಗಲದ ತನಕ ನಿಂತು, ನೋಡೋ ಕೋಶಕ್ಕ ಉಣಸ್ತಾವು, ಹೊಲಸು ತಗೀತಾವು, ಹೆಚ್ಚಾದ ನೀರು ಹೊರಗ ಹಾಕ್ತಾವು. ತಾವು ಮಾತ್ರ ಏನೂ ನೋಡಂಗಿಲ್ಲ."

ಶಾಂತಕುಮಾರಿ ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತ ಯೋಚಿಸಿದಳು. "ಹಾರದಲ್ಲಿ ಬಾಳೆನಾರು ಇದ್ದಂಗೆ."

"ಹಂಗ ಅನ್ರಿ."

"ನಾರು ಕೊಳೆತ್ರೆ ಹೂವು ಉದುರ್ತವೆ. ಹೂವಿಂದೇನೂ ತಪ್ಪಿರಲ್ಲ."

ಡಾಕ್ಟ್ರಮ್ಮ ನಗುತ್ತಿದ್ದವರು ನಗು ನಿಲ್ಲಿಸಿದರು. "ಸಕ್ಕರಿ ಏರಿದ್ರ ಬಹುಶಃ ಅದ ಆಗತೈತ್ರಿ. ಭಾಳ ವರ್ಷ ನಾವು ರಕ್ತನಾಳ ಅಷ್ಟ ನೋಡಿದ್ವಿ, ಯಾಕಂದ್ರ ಬೆಳಕ ಬಿಟ್ರ ಅದು ಕಾಣತೈತಿ. ಆದ್ರ ರಕ್ತ ಸೋರಾಕ ಶುರುವಾಗೋಕಿಂತ ಮೊದಲ ಈ ನಾರಿಗೆ ಬ್ಯಾನಿ ಹತ್ತಿರತೈತಿ ಅಂತ ಈಗ ಅನಸಾಕತ್ತೈತಿ. ಇಲಿ ಕಣ್ಣಾಗ ನೋಡೇವಿ. ಮನಶಾರ ಕಣ್ಣಾಗ ನೋಡಿದ್ದು ಕಡಿಮಿ."

"ಯಾಕೆ?"

"ಜೀವ ಇದ್ದವ್ರ ಕಣ್ಣು ಬಿಚ್ಚಾಕ ಬರಂಗಿಲ್ಲಲ್ರಿ. ಸತ್ತ ಮ್ಯಾಲೆ ದಾನ ಮಾಡೋರು ಅದಾರ. ಆದ್ರ ಸಕ್ಕರಿ ಕಾಯಿಲೆಯವ್ರು, ನಮ್ಮ ಕಣ್ಣು ಕೆಟ್ಟೈತಿ, ಯಾರಿಗೆ ಬೇಕು ಅಂತ ಸುಮ್ಮನಾಗಿಬಿಡ್ತಾರ. ಕಣ್ಣಿನ ಮುಂದಿನ ಗಾಜಿನಂಥ ಪೊರೆ ಚಲೋ ಇದ್ರ ಅದು ಇನ್ನೊಬ್ಬರಿಗೆ ಆಗತೈತಿ. ನನಗ ಬೇಕಾಗಿದ್ದು ಹಿಂದಿನ ಆ ಕೆಟ್ಟ ಪರದೆ."

ಹಿಂದಿರುಗುವಾಗ ಬಸ್ಸಿನಲ್ಲಿ ಶಾಂತಕುಮಾರಿ ಕಿಟಕಿಯ ಪಕ್ಕ ಕೂತಿದ್ದಳು. ಕೆರೆಯ ಗಾಳಿ ಮುಖಕ್ಕೆ ಬಡಿದಾಗ ಹಲಸೂರು ಬಂತೆಂದು ತಿಳಿದು, ತಟ್ಟನೆ ನಕ್ಕಳು. "ಕೆಟ್ಟ ಕಣ್ಣೇ ಬೇಕಂತೆ ಕಣೇ ಸಾಬಿ! ನಮ್ಮವ್ವಂಗೆ ಯಾರೂ ಹಿಂಗೆ ಹೇಳ್ಲಿಲ್ಲ." ಆಮೇಲೆ ಕಾಲಬುಡದ ಖಾಲಿ ಬುಟ್ಟಿಯನ್ನು ಅವಳತ್ತ ತಳ್ಳಿದಳು. "ಮುಟ್ಟಿ ಹೇಳು. ನಾನು ಸತ್ರೆ ಕೊಡಿಸ್ತೀನಿ ಅಂತ. ಮನೇಲಿ ನಾನೇ ಹೇಳ್ತೀನಿ, ಭಾಗ್ಯಂಗೆ. ಯುಗಾದಿ ಕಳೀಲಿ."

ಯುಗಾದಿ ಕಳೆದಿತ್ತು. ಹೇಳುವುದು ಬಾಕಿ ಉಳಿದಿತ್ತು.

*

"ಏಳಮ್ಮಾ ಸಾಬಿರಾ," ಮುನಿರಾಜಪ್ಪ ಮೆತ್ತಗೆ ಹೇಳಿದ. "ನಿನ್ನ ದುಃಖ ಅರ್ಥ ಆಗುತ್ತೆ. ಆದ್ರೆ ಮನೆಯವ್ರಿಗೆ ಇಷ್ಟ ಇಲ್ದೇ ಇದ್ದದ್ದು ಬೇಡ."

"ಮುಂದಿನ ಜನ್ಮಕ್ಕೆ ಅವ್ಳು ಕುರುಡಿಯಾಗೋದು ಬೇಡಪ್ಪಾ," ಬೈರಮ್ಮ ಸೆರಗಿನಿಂದ ಮೂಗೊರೆಸಿದಳು. ಈ ಸಲ ಗದರಿಕೆಯಿರಲಿಲ್ಲ, ನಿಜವಾಗಿಯೂ ಅಳುತ್ತಿದ್ದಳು.

ಸಾಬಿರಾಗೆ ಇನ್ನು ತಡೆಯಲಾಗಲಿಲ್ಲ.

"ಮುಂದಿನ ಜನ್ಮ ಯಾಕೆ ಅಕ್ಕಾ? ಈ ಜನ್ಮದಲ್ಲೇ ಅವ್ಳಿಗೆ ಕಾಣ್ತಿರ್ಲಿಲ್ಲ!"

ಅಂಜನಮೂರ್ತಿ ಕುರ್ಚಿಯಿಂದ ಎದ್ದ.

"ಏನಂದೆ?"

"ಎರಡು ವರ್ಷ ಆಯ್ತು ಅಣ್ಣಾ. ಎರಡು ಕಣ್ಣೂ. ಯಾರಿಗೂ ಹೇಳ್ಬೇಡ ಅಂತ ಬುಟ್ಟಿ ಮುಟ್ಟಿಸಿಕೊಂಡಿದ್ಲು."

"ಸುಳ್ಳು!" ಅಂಜನಮೂರ್ತಿಯ ಕುತ್ತಿಗೆಯ ನರ ಉಬ್ಬಿತು. "ಒಂದೇ ಮನೇಲಿದ್ದೋನು ನಾನು. ನಂಗೆ ಗೊತ್ತಾಗ್ದೇ ಇದ್ದದ್ದು ನಿಂಗೆ ಗೊತ್ತಾ? ನಿನ್ನೆ ರಾತ್ರಿ ಕೂಡ ನನ್ನ ಪಕ್ಕದಲ್ಲಿ ಕೂತ್ಕೊಂಡು, ಟಿವಿ ನೋಡ್ಕೊಂಡು ಹಾರ ಕಟ್ತಿದ್ಲು!"

"ಆ ಹಾರ ಎಲ್ಲಿದೆ ಅಣ್ಣಾ?"

ಬಚ್ಚಲ ಮೂಲೆಯಲ್ಲಿ ಒದ್ದೆ ಗೋಣಿಯ ಕೆಳಗೆ ಬುಟ್ಟಿಯಿತ್ತು. ಸಾಬಿರಾ ಅದನ್ನು ಎತ್ತಿಕೊಂಡು ಬಂದು ಶಾಮಿಯಾನದ ನೆರಳಿನಲ್ಲಿ ಇಟ್ಟಳು. ಮೇಲೆ ಅರ್ಧ ಕಟ್ಟಿದ ಹಾರ, ಕೆಳಗೆ ಬಿಡಿ ಹೂವು. ಹಾರದ ತುದಿ ಹಿಡಿದು ನಿಧಾನವಾಗಿ ಮೇಲಕ್ಕೆಳೆದಳು. ಯಾರೋ ಗೃಹಪ್ರವೇಶಕ್ಕೆ ಹೇಳಿದ್ದ ಹಾರ. ಒಂದು ಮೊಳ ಕಣ್ಣಿಗೊತ್ತಿಕೊಳ್ಳುವಂತಿತ್ತು: ಬಿಳಿ, ಹಳದಿ, ಬಿಳಿ, ಹಳದಿ. ಒಂದು ಹೂವೂ ತಪ್ಪಿರಲಿಲ್ಲ.

"ಇಷ್ಟು ಕಟ್ಟೆ ಮೇಲೆ ಕಟ್ಟಿದ್ದು. ನಾನು ಪಕ್ಕದಲ್ಲಿದ್ದೆ."

ಆಮೇಲೆ ಬಿಳಿ, ಬಿಳಿ, ಬಿಳಿ. ಒಂದು ಹಳದಿ. ಮತ್ತೆರಡು ಬಿಳಿ. ಹಳದಿ ಐದೋ ಆರೋ ಒಟ್ಟಿಗೆ. ಗಂಟುಗಳೆಲ್ಲ ಬಿಗಿಯಾಗಿದ್ದವು, ಅಂತರವೆಲ್ಲ ಸಮನಾಗಿತ್ತು. ಬಣ್ಣ ಮಾತ್ರ ದಿಕ್ಕುತಪ್ಪಿತ್ತು. ಇಪ್ಪತ್ತು ವರ್ಷ ಹೂ ಕಟ್ಟಿದವಳು ಕಟ್ಟುವ ಹಾರವಲ್ಲ ಅದು.

"ಆದ್ರೆ ಕವರು ಬೇರೆ ಬೇರೆ ಕಟ್ಟಿ ಕಳ್ಸಿದ್ದೆ," ಸಾಬಿರಾ ತನಗೆ ತಾನೇ ಹೇಳಿಕೊಂಡಳು. "ಬಿಳಿಗೆ ಗಂಟು ಹಾಕಿದ್ದೆ. ಹೆಂಗೆ ಬೆರೀತು?"

ಅಂಜನಮೂರ್ತಿ ಮತ್ತೆ ಕುರ್ಚಿಯಲ್ಲಿ ಕುಸಿದ.

"ನಾನೇ," ಎಂದ. "ನಾನೇ ಸುರಿದೆ. ಕವರಲ್ಲಿ ಬೆವರಿ ಬಾಡ್ತದೆ ಅಂತ, ಎರಡೂ ಬಿಚ್ಚಿ ಬುಟ್ಟಿಗೆ ಸುರಿದು ನೀರು ಚಿಮುಕಿಸ್ದೆ. ನೋಡೇ, ನಿನ್ ಕೆಲ್ಸ ಹಗುರ ಮಾಡ್ದೆ ಅಂದೆ. 'ಒಳ್ಳೇದಾಯ್ತು ಬಿಡಿ' ಅಂದ್ಲು. ಅಷ್ಟೇ ಅಂದಿದ್ದು."

ಅವನೇ ಮುಂದುವರಿಸಿದ. ಹೇಳದೆ ಇದ್ದರೆ ಎದೆ ಒಡೆದುಹೋಗುತ್ತದೆ ಎನ್ನುವಂತೆ ಹೇಳಿದ. "ಹೋದ ವರ್ಷ ಹೊಸ ಸ್ಟೂಲು ತಂದು ನಡುಮನೇಲಿ ಇಟ್ಟಿದ್ದೆ. ಎಡವಿ ಬಿದ್ಲು. ತುಟಿ ಒಡೀತು. 'ಕಣ್ಣು ಕಾಣ್ಸಲ್ವೇನೇ ನಿಂಗೆ' ಅಂತ ಬೈದೆ. ನಕ್ಕೊಂಡು ರಕ್ತ ಒರೆಸ್ಕೊಂಡ್ಲು ಕಣಮ್ಮ. ಹಂಗೆ ಬೈದ್ನಲ್ಲ ನಾನು."

ಭಾಗ್ಯಲಕ್ಷ್ಮಿ ಸಾಬಿರಾಳ ಎದುರು ಬಂದು ನಿಂತಳು. "ನಿಮ್ಗೆ ಎಲ್ಲಾ ಗೊತ್ತಿತ್ತು. ನಂಗೆ ಒಂದು ಮಾತು ಹೇಳಿದ್ರೆ ಆಪರೇಷನ್ ಮಾಡಿಸ್ತಿದ್ದೆ. ನನ್ನ ಹತ್ರ ಇಟ್ಕೋತಿದ್ದೆ. ಯಾವ ಸೀಮೆ ಫ್ರೆಂಡ್ ರೀ ನೀವು?"

"ಹಂಗೆ ಇಟ್ಕೊಂಡು ಕೂರಿಸ್ಬಿಡ್ತೀಯ ಅಂತಾನೇ ಅವ್ಳು ಹೇಳ್ಲಿಲ್ಲಮ್ಮ," ಎಂದಳು ಸಾಬಿರಾ. ಹುಡುಗಿ ಹೇಳಿದ್ದು ತಪ್ಪೆಂದು ಅವಳಿಗೂ ಅನ್ನಿಸಲಿಲ್ಲ.

ಭಾಗ್ಯಲಕ್ಷ್ಮಿ ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಬೈರಮ್ಮ ಇನ್ನೂ ಹಾರವನ್ನೇ ನೋಡುತ್ತಿದ್ದಳು. ಬೆರಳಿನಿಂದ ಆ ಐದಾರು ಹಳದಿ ಹೂಗಳನ್ನು ಮುಟ್ಟಿದಳು. ಹೋದ ತಿಂಗಳಷ್ಟೇ ಇದೇ ಶಾಂತಕುಮಾರಿಗೆ, ಅಕ್ಕಿಯಲ್ಲಿ ಕಲ್ಲು ಬಿಟ್ಟಿದ್ದೀಯ, ಮೈಗಳ್ಳಿ ಎಂದು ನಾಲ್ಕು ಜನರ ಮುಂದೆ ಹೇಳಿದ್ದಳು. ತಟ್ಟನೆ ಒಳಕ್ಕೆ ತಿರುಗಿ ಕೂಗಿದಳು.

"ಯಾರೇ ಅದು ಫ್ಯಾನ್ ಹಾಕಿರೋದು? ಆರ್ಸ್ರೇ! ಹತ್ತಿ ಒದ್ದೆ ಮಾಡಿ!"

ಅಂಜನಮೂರ್ತಿ ಸಾಬಿರಾಳ ಕಡೆ ನೋಡದೆಯೇ ಹೇಳಿದ. "ಫೋನ್ ಮಾಡಮ್ಮ ಅವ್ರಿಗೆ. ಬರ್ಲಿ."

*

ಡಾಕ್ಟ್ರಮ್ಮ ತಾವೇ ಬಂದರು, ಜೊತೆಗೊಬ್ಬ ಸಹಾಯಕ, ಒಂದು ಐಸ್ ಪೆಟ್ಟಿಗೆ. ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲಿಗೆ ಶಾಂತಕುಮಾರಿಯದೇ ಒಂದು ಸೀರೆಯನ್ನು ಅಡ್ಡ ಕಟ್ಟಿದರು. ಹೊತ್ತು ಹೆಚ್ಚು ಹಿಡಿಯಲಿಲ್ಲ. ಸೀರೆ ಸರಿಸಿದಾಗ ಭಾಗ್ಯಲಕ್ಷ್ಮಿ ಮೊದಲು ಓಡಿಹೋಗಿ ನೋಡಿದಳು. ರೆಪ್ಪೆ ಮುಚ್ಚಿಯೇ ಇದ್ದವು. ಅದೇ ಮುಖ, ಅದೇ ಹಣೆ. ಅವಳು ಅಮ್ಮನ ಕೆನ್ನೆಗೆ ಕೆನ್ನೆಯಿಟ್ಟು ಜೋರಾಗಿ ಅತ್ತಳು.

ಗಲ್ಲಿಯ ಕೊನೆಯಲ್ಲಿ ವ್ಯಾನು ಹತ್ತುವ ಮುಂಚೆ ಅಂಜನಮೂರ್ತಿ ಡಾಕ್ಟ್ರಮ್ಮನನ್ನು ತಡೆದ.

"ಅಮ್ಮಾ, ಅವ್ಳಿಗೆ ಏನೂ ಕಾಣ್ತಿರ್ಲಿಲ್ವಾ? ನಾನು ಮುಂದೆ ನಿಂತ್ರೂ?"

"ನೆರಳಷ್ಟ ಕಾಣತಿತ್ರಿ. ಬಾಗಲದಾಗ ಯಾರೋ ನಿಂತಾರ ಅಂತ ತಿಳೀತಿತ್ತು."

"ಯಾರು ಅಂತ?"

"ಅದು ಕಣ್ಣಿನ ಕೆಲಸ ಅಲ್ಲ ಬಿಡ್ರಿ. ಹೆಜ್ಜಿ ಸಪ್ಪಳದಾಗ ಗೊತ್ತಾಗತಿರಬೇಕು."

ಅಂಜನಮೂರ್ತಿ ತಲೆಯಾಡಿಸಿದ. ಸಂಜೆ ಬಾಗಿಲಿಗೆ ಬಂದರೆ, ಇವನು ಬಾಯಿ ತೆರೆಯುವ ಮುಂಚೆಯೇ ಒಳಗಿನಿಂದ "ಬಂದ್ರಾ" ಎನ್ನುತ್ತಿದ್ದಳು. ಎರಡು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಅದು ಪ್ರೀತಿ ಎಂದುಕೊಂಡಿದ್ದ. ಪ್ರೀತಿಯಲ್ಲವೆಂದು ಈಗಲೂ ಹೇಳುವಂತಿರಲಿಲ್ಲ, ಆದರೂ ಆ 'ಬಂದ್ರಾ' ಈಗ ಬೇರೆಯೇ ಆಗಿ ಕೇಳಿಸಿತು. ವ್ಯಾನು ಹೋದ ಮೇಲೂ ಅವನು ಅಲ್ಲೇ ನಿಂತಿದ್ದ.

ಹಿಂದಕ್ಕೆ ಬಂದಾಗ ಮುನಿರಾಜಪ್ಪ ಅವಸರ ಮಾಡುತ್ತಿದ್ದ. ಹೆಣಕ್ಕೆ ಸ್ನಾನವಾಗಿತ್ತು. ಅರಿಶಿನ ಕುಂಕುಮ ಇಟ್ಟು, ಹಸಿರು ಬಳೆ ತೊಡಿಸಿದ್ದರು. ಯಾರೋ ದೊಡ್ಡ ಗುಲಾಬಿ ಹಾರ ತಂದಿದ್ದರು.

"ಅದು ಬೇಡ," ಎಂದಳು ಭಾಗ್ಯಲಕ್ಷ್ಮಿ. "ಅಮ್ಮ ಕಟ್ಟಿದ್ದು ಹಾಕಿ."

"ಅದು ಪೂರ್ತಿ ಆಗಿಲ್ವಲ್ಲಮ್ಮ. ಮೇಲಾಗಿ ಕೆಟ್ಟದೆ," ಬೈರಮ್ಮ ಹಾರವನ್ನು ಕೈಗೆತ್ತಿಕೊಂಡಳು. "ತಪ್ಪಿರೋ ಕಡೆಯಿಂದ ಬಿಚ್ಚಿ ಸರಿಯಾಗಿ ಕಟ್ಕೊಡ್ತಾಳೆ ಸಾಬಿರಾ. ಅಲ್ವೇನೇ?"

"ಬಿಚ್ಬೇಡಿ," ಎಂದ ಅಂಜನಮೂರ್ತಿ. "ಅವ್ಳು ಕಟ್ಟಿದ್ದು ಒಂದು ಹೂವೂ ಬಿಚ್ಬೇಡಿ. ಮುಂದಕ್ಕೆ ಕಟ್ಟಿ."

ಸಾಬಿರಾ ಹೊಸ್ತಿಲ ಆಚೆ ಜಗುಲಿಯ ಮೇಲೆ ಕೂತಳು. ಬುಟ್ಟಿಯನ್ನು ಹತ್ತಿರಕ್ಕೆಳೆದುಕೊಂಡು, ಶಾಂತಕುಮಾರಿ ಕೊನೆಗೆ ಬಿಗಿದಿದ್ದ ಗಂಟನ್ನು ಹುಡುಕಿ, ಅಲ್ಲಿಗೆ ಹೊಸ ನಾರು ಸೇರಿಸಿದಳು. ಗಂಟು ಬೀಳುತ್ತಿರಲಿಲ್ಲ. ಬೆಳಗಿನಿಂದ ತಡೆದಿಟ್ಟದ್ದೆಲ್ಲ ಈಗ ಹರಿಯತೊಡಗಿತ್ತು. ಅಂಗೈ ಹಿಂಬದಿಯಿಂದ ಎಷ್ಟು ಒರೆಸಿದರೂ ನಿಲ್ಲಲಿಲ್ಲ.

ಪಕ್ಕದಲ್ಲಿ ಯಾರೋ ಕೂತರು. ಅಂಜನಮೂರ್ತಿ. ದಿನಾ ಕ್ಯಾಂಟೀನಿನಲ್ಲಿ ಸಾವಿರ ಜನಕ್ಕೆ ಬೇಯಿಸುವ ದೊಡ್ಡ ಒರಟು ಕೈ. ಬುಟ್ಟಿಯಿಂದ ಹೂವನ್ನು ಬೊಗಸೆಯಲ್ಲಿ ತೆಗೆದು, ಪಂಚೆಯ ಮೇಲೆ ಹರಡಿಕೊಂಡು, ಒಂದೊಂದನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿ ಆಯತೊಡಗಿದ. ಎಡಕ್ಕೆ ಬಿಳಿ. ಬಲಕ್ಕೆ ಹಳದಿ. ತಮಟೆಯವರು ಒಮ್ಮೆ ಬಡಿದು ನೋಡಿ ನಿಲ್ಲಿಸಿದರು. ಮುನಿರಾಜಪ್ಪ ಹೊತ್ತಾಯಿತೆಂದು ಹೇಳಲು ಬಂದವನು ಹೇಳದೆ ನಿಂತ.

ಅಂಜನಮೂರ್ತಿ ಒಂದು ಹೂವನ್ನು ತೊಟ್ಟು ಹಿಡಿದು ಮುಂದೆ ಚಾಚಿದ.

"ಬಿಳೀದು," ಎಂದ.

ನನಗೆ ಕಾಣುತ್ತದೆ ಅಣ್ಣಾ ಎಂದು ಸಾಬಿರಾ ಹೇಳಲಿಲ್ಲ. ಅಂಗೈ ಬಿಡಿಸಿ, ಶಾಂತಕುಮಾರಿ ಹಿಡಿಯುತ್ತಿದ್ದ ಹಾಗೆಯೇ ಹಿಡಿದಳು. ಅವನು ಹೂವನ್ನು ಅದರಲ್ಲಿಟ್ಟು, ಅವಳು ಗಂಟು ಬಿಗಿಯುವ ತನಕ ಕಾದು, ಇನ್ನೊಂದನ್ನು ಎತ್ತಿಕೊಂಡ.

"ಇದು ಹಳದಿ."